ನೂರು ಪರ್ಸೆಂಟ್ ಕೆಲಸ?

ನಾವು ಮೂವರು: ಒಬ್ಬ ಯಾದಗಿರಿ, ಒಬ್ಬ ಶಹಾಪುರ, ಇನ್ನೊಬ್ಬ ಸುರಪುರ. ಫೈನಲ್ ಇಯರ್ ಪ್ರಾಜೆಕ್ಟಿಗೆ ನಾಲ್ಕು ಹಳೆ ಪಿಸಿಗಳನ್ನು ಒಂದು ಸ್ವಿಚ್‌ಗೆ ಜೋಡಿಸಿ ಕ್ಲಸ್ಟರ್ ಮಾಡಿದ್ವಿ. 1994ರಲ್ಲಿ ನಾಸಾದಲ್ಲಿ ಸ್ಟರ್ಲಿಂಗ್ ಮತ್ತು ಬೆಕರ್ 16 ಸಾದಾ ಪ್ರೊಸೆಸರ್‌ಗಳಿಂದ ಬಿಯೊವುಲ್ಫ್ ಕಟ್ಟಿದ್ದೇ ನಮಗೆ ಧೈರ್ಯ.

ಓಪನ್ ಎಂಪಿಐ ಹಾಕಿ ಪ್ರೋಗ್ರಾಂ ಓಡಿಸಿದರೆ 'ಟಾಪ್'ನಲ್ಲಿ ಎಲ್ಲಾ ಪ್ರೊಸೆಸ್ 100%! ರಿಪೋರ್ಟಿನಲ್ಲಿ "ಪ್ರೊಸೆಸರಿನ ಪೂರ್ಣ ಬಳಕೆ" ಅಂತ ಬರೆದೂಬಿಟ್ವಿ. ಆದರೆ ನಾಲ್ಕು ಮಷಿನ್ ಇದ್ದರೂ ವೇಗ ಎರಡು ಪಟ್ಟೂ ಆಗಲಿಲ್ಲ.

ರಿವ್ಯೂ ಹಿಂದಿನ ರಾತ್ರಿ ಅನುಮಾನ ಬಂತು. ಕಳಿಸುವ ಪ್ರೊಸೆಸ್ಸನ್ನು 30 ಸೆಕೆಂಡ್ ಮಲಗಿಸಿದ್ವಿ. ಉಳಿದ ಮೂರು ರಿಸೀವ್‌ನಲ್ಲಿ ಸುಮ್ಮನೆ ನಿಂತಿದ್ದವು, ಆದರೂ 100%! "ಬಂತೇನು, ಬಂತೇನು" ಅಂತ ಬಿಡದೆ ನೋಡುವುದೇ ಅವುಗಳ ಕೆಲಸ. ಮೆಸೇಜ್ ಬಂದ ಕೂಡಲೇ ಹಿಡಿಯಲೆಂದು ಲೈಬ್ರರಿ ಬೇಕಂತಲೇ ಹೀಗೆ ಮಾಡುತ್ತದೆ.

ಶಹಾಪುರದವ ನಕ್ಕ: "ನಮ್ಮಪ್ಪನೂ ಹಿಂಗ ನೋಡ್ರಪಾ. ನಾರಾಯಣಪುರ ಕಾಲುವಿ ನೀರು ನಮ್ಮ ಹೊಲಕ್ಕ ಬರೂದು ಕಟ್ಟಕಡೀಗೆ. ರಾತ್ರಿಯೆಲ್ಲಾ ಬ್ಯಾಟರಿ ಹಿಡಕೊಂಡು ಎದ್ದಿರ್ತಾನ. ದಣಿವು ಪೂರಾ, ಹೊಲ ಒಣಾ." ಆಮೇಲೆ ಯಾರೂ ನಗಲಿಲ್ಲ.

ನಡುನಡುವೆ ಸ್ಲೀಪ್ ಹಾಕಿ ಪ್ರೋಬ್ ಮಾಡುವಂತೆ ಕೋಡ್ ಬದಲಿಸಿದ್ವಿ. ಸಿಪಿಯು ಬಳಕೆ ಇಳಿಯಿತು, ಮೆಸೇಜ್ ತುಸು ತಡವಾಯಿತು. ವೇಗವೇನೂ ಹೆಚ್ಚಲಿಲ್ಲ, ಆದರೆ ಕೆಲಸ ಎಷ್ಟು, ಕಾಯುವುದು ಎಷ್ಟು ಅಂತ ಕಂಡಿತು. ಬೆಳಗ್ಗೆ ಆ ಸಾಲು ಹೊಡೆದುಹಾಕಿ ಅದನ್ನೇ ಬರೆದ್ವಿ. ಒಂದಷ್ಟು ಮಾರ್ಕ್ಸ್ ಹೋದವು, ಹೋಗಲಿ.

ನೀವೂ ಟಾಪ್ ನೋಡಿ ಬೀಗುವ ಮುನ್ನ, ಒಂದು ಪ್ರೊಸೆಸ್ ಮಲಗಿಸಿ ನೋಡ್ರಿ.