ಹೆಸರಿನ ಪಕ್ಕದ ಎರಡು ಸಾಲು

ಆನ್‌ಲೈನ್ ಪೋಕರ್‌ನಲ್ಲಿ ಎದುರಾಳಿಯ ಮುಖ ಕಾಣಲ್ಲ. ಕೈ ನಡುಗೋದು, ಕಣ್ಣು ತಪ್ಪಿಸೋದು ಯಾವುದೂ ಇಲ್ಲ. ಕಾಣೋದು ಒಂದು ಅಡ್ಡಹೆಸರು, ಅದರ ಕೆಳಗೆ ಚಿಪ್ಸ್‌ನ ಲೆಕ್ಕ. ಅದಕ್ಕೇ ಎಷ್ಟೋ ಆ್ಯಪ್‌ಗಳಲ್ಲಿ ಒಂದು ಸೌಲಭ್ಯ ಇರುತ್ತೆ. ಹೆಸರಿನ ಮೇಲೆ ಒತ್ತಿದರೆ ಸಣ್ಣ ಪೆಟ್ಟಿಗೆ ತೆರೆದುಕೊಳ್ಳುತ್ತೆ; ಆ ಆಟಗಾರನ ಬಗ್ಗೆ ಕಂಡದ್ದನ್ನು ಅಲ್ಲಿ ಬರೆದಿಡಬಹುದು. ಅದು ನಮಗೆ ಮಾತ್ರ ಕಾಣುತ್ತೆ.

ಆಫೀಸು ಮುಗಿಸಿ ಚಿಕ್ಕ ಮೊತ್ತದ ಟೇಬಲ್‌ಗಳಲ್ಲಿ ಆಡುತ್ತಿದ್ದ ಮೂರು ವರ್ಷ ನಾನು ಹೆಚ್ಚು ಕಲಿತದ್ದು ಈ ಪೆಟ್ಟಿಗೆಯಿಂದಲೇ. ಮೊದಲ ಪಾಠ, ತೀರ್ಪು ಬರೆಯಬಾರದು, ಕಂಡದ್ದನ್ನು ಬರೆಯಬೇಕು. ‘ದಡ್ಡ’ ಅಂತ ಬರೆದರೆ ಉಪಯೋಗವಿಲ್ಲ. ‘ಕೊನೇ ಎಲೆ ಬಿದ್ದ ಮೇಲೂ ದೊಡ್ಡ ಬೆಟ್‌ಗೆ ಬರೀ ಒಂದು ಜೋಡಿ ಇಟ್ಕೊಂಡು ಕಾಲ್ ಮಾಡಿದ, 2 ಸಲ’ ಅಂತಿದ್ದರೆ ದಾರಿ ಕಾಣುತ್ತೆ: ಇವನ ಮುಂದೆ ಬ್ಲಫ್ ಬೇಡ, ಒಳ್ಳೆ ಕೈ ಬಂದಾಗ ಧಾರಾಳವಾಗಿ ಕಟ್ಟು.

ಎರಡನೇದು, ಅವಸರ ಬೇಡ. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಕೈಗೆ ಬರೋ ಎರಡು ಎಲೆಗೆ 1,326 ಸಾಧ್ಯತೆಗಳಿವೆ. ಜೋಡಿ ಎಕ್ಕ ಬರೋದು ಸರಾಸರಿ 221 ಕೈಗೆ ಒಂದು ಸಲ. ಆದರೂ ಯಾರಿಗೋ ಸಾಲಾಗಿ ಮೂರು ಒಳ್ಳೆ ಕೈ ಬರಬಹುದು. ಮೂರು ಸಲ ರೇಸ್ ಮಾಡಿದ್ದಕ್ಕೇ ಅವನನ್ನು ದುಡುಕ ಅನ್ನೋಕಾಗಲ್ಲ. ಅದಕ್ಕೆ ತಾರೀಖು, ಟೇಬಲ್‌ನಲ್ಲಿದ್ದ ಜನ, ಎಷ್ಟು ಸಲ ಕಂಡೆ ಅನ್ನೋದೂ ಬರೀತಿದ್ದೆ.

ಎಲ್ಲಕ್ಕಿಂತ ಲಾಭ ತರೋ ಟಿಪ್ಪಣಿ ಬೇರೆಯೇ. ‘ದೊಡ್ಡ ಪಾಟ್ ಸೋತರೆ ಮುಂದಿನ ಹತ್ತು ಕೈ ಯಾವ ಎಲೆ ಬಂದ್ರೂ ಆಡ್ತಾನೆ.’ ಪೋಕರ್‌ನವರು ಇದನ್ನು ಟಿಲ್ಟ್ ಅಂತಾರೆ. ಆ ಒಂದು ಸಾಲು ಯಾರದೋ ಕೆಟ್ಟ ರಾತ್ರಿ ಅನ್ನೋದು ನನಗೆ ಮನಸ್ಸಿಗೆ ತಟ್ಟಿದ್ದು ನನ್ನ ತಮ್ಮನ ವಿಷಯದಲ್ಲಿ.

ಅವನು ಬೇರೆ ಆ್ಯಪ್‌ನಲ್ಲಿ ಆಡ್ತಿದ್ದ. ತಿಂಗಳ ಮಧ್ಯದಲ್ಲೇ ಸಾಲ ಕೇಳೋಕೆ ಶುರು ಮಾಡಿದಾಗ ಬೈಯಲಿಲ್ಲ, ಫೋನ್ ತಗೊಂಡು ಪಕ್ಕ ಕೂರಿಸಿಕೊಂಡೆ. ಹನ್ನೊಂದು ರಾತ್ರಿಯ ವ್ಯವಹಾರಾನ ಇಬ್ಬರೂ ಸೇರಿ ಒಂದು ಹಾಳೆಗೆ ಇಳಿಸಿದೆವು: ತಾರೀಖು, ಗಂಟೆ, ಸೋತದ್ದು, ಆಮೇಲೆ ಕಟ್ಟಿದ್ದು. ಎಲ್ಲೂ ‘ಜೂಜುಕೋರ’ ಅಂತ ಬರೆಯಲಿಲ್ಲ. ಒಂಬತ್ತು ರಾತ್ರಿ ಒಂದೇ ಕಥೆ: ಸೋತ ಮೇಲೆ ಮತ್ತೆ ದುಡ್ಡು ಹಾಕಿ, ಇನ್ನೂ ದೊಡ್ಡ ಟೇಬಲ್‌ಗೆ ಹೋಗಿದ್ದ.

ಹಾಳೆ ನೋಡುತ್ತಾ ಅವನೇ ಅಂದ, “ಅಕ್ಕಾ, ಇಂಥೋನು ಎದುರಿಗೆ ಸಿಕ್ಕಿದ್ರೆ ನಾನು ಟೇಬಲ್ ಬಿಟ್ಟು ಏಳ್ತಾನೇ ಇರ್ಲಿಲ್ಲ.”

ಅವತ್ತೇ ಬಿಟ್ಟುಬಿಟ್ಟ ಅಂತ ಹೇಳಿದರೆ ಸುಳ್ಳಾಗುತ್ತೆ. ದಿನದ ಮಿತಿ ಇಳಿಸಿಕೊಂಡ, ಒಂದು ತಿಂಗಳು ಪಾಲಿಸಿದ, ಮತ್ತೆ ಏರಿಸಿದ. ಆಮೇಲೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು; ನಾವಿಬ್ಬರೂ ಆಡುತ್ತಿದ್ದ ಆ್ಯಪ್‌ಗಳಲ್ಲಿ ಹಣದ ಆಟ ನಿಂತಿತು. ನನ್ನ ಮೂರು ವರ್ಷದ ಟಿಪ್ಪಣಿಗಳೂ ಅಲ್ಲೇ ಉಳಿದವು. ಅದಕ್ಕೆ ಬೇಜಾರಿಲ್ಲ. ಈಗ ಶನಿವಾರ ಗೆಳತಿಯರ ಜೊತೆ ಪುಕ್ಕಟೆ ಚಿಪ್ಸ್‌ನಲ್ಲಿ ಆಡ್ತೀನಿ, ಹಳೇ ಚಾಳಿಯಂತೆ ಬರೀತೀನಿ ಕೂಡ.

ನೀವು ಪೋಕರ್ ಆಡದಿದ್ದರೂ ಒಂದು ಕೆಲಸ ಮಾಡಿ ನೋಡಿ. ಒಂದು ತಿಂಗಳ ಯುಪಿಐ ವ್ಯವಹಾರಾನ ಬೇರೆ ಯಾರದೋ ಅನ್ನೋ ಹಾಗೆ ಓದಿ, ಎರಡೇ ಸಾಲು ಬರೆಯಿರಿ. ಬೈಗುಳ ಬೇಡ, ಕಂಡದ್ದಷ್ಟೇ.

ತಮ್ಮ ಈಗ ತಿಂಗಳಿಗೆ 3,000 ರೂಪಾಯಿ ನನಗೆ ವಾಪಸ್ ಹಾಕ್ತಾನೆ. ಎಲ್ಲಿಂದಲೋ ಹೊಸ ಸೈಟ್‌ಗಳ ಲಿಂಕ್ ಅವನ ಫೋನಿಗೆ ಇನ್ನೂ ಬರ್ತಾನೇ ಇರುತ್ತೆ. ಆ ಹಾಳೆ ಅವನ ಬೀರು ಬಾಗಿಲಿನ ಒಳಗೆ ಅಂಟಿಸಿದೆ. ಸದ್ಯಕ್ಕೆ ಹನ್ನೆರಡನೇ ಸಾಲು ಸೇರಿಲ್ಲ.