ಅಮ್ಮನ ಸ್ಟೇಟಸ್ ರಿಜಿಸ್ಟರ್

ಆಸಿಲೋಸ್ಕೋಪಿಗೆ ತಪ್ಪು ಕಮಾಂಡ್ ಕಳಿಸಿದ್ರೆ ಅದು ಕೂಗಾಡಲ್ಲ. ಸುಮ್ಮನೆ ಈವೆಂಟ್ ಸ್ಟೇಟಸ್ ರಿಜಿಸ್ಟರಿನಲ್ಲಿ 5ನೇ ಬಿಟ್ ಏರಿಸಿಟ್ಟುಕೊಳ್ಳುತ್ತೆ. 'ಸ್ಟಾರ್ ಇಎಸ್‌ಆರ್?' ಅಂತ ಕೇಳಿದ್ರೆ 32 ಅನ್ನುತ್ತೆ. ಒಮ್ಮೆ ಓದಿದ್ರೆ ಮುಗೀತು, ರಿಜಿಸ್ಟರ್ ಸೊನ್ನೆ. ಎರಡನೇ ಸಲ ಕೇಳಿದವನಿಗೆ ಎಲ್ಲವೂ ಸರಿ. 1987ರ ಐಇಇಇ 488.2 ಮಾನದಂಡದಿಂದ ಹೀಗೇ.

ಜೊತೆಗೊಂದು ಎನೇಬಲ್ ರಿಜಿಸ್ಟರ್ ಇದೆ. ಅಲ್ಲಿ ಸೊನ್ನೆ ಬರೆದಿಟ್ರೆ ಒಳಗೆ ಏನೇ ಆಗಲಿ, ಸ್ಟೇಟಸ್ ಬೈಟಿನ ಸಾರಾಂಶ ಬಿಟ್ ಅಲ್ಲಾಡಲ್ಲ. ದೋಷ ಇಲ್ಲ ಅಂತಲ್ಲ, ಹೊರಗೆ ಹೇಳಬೇಡ ಅಂತ ಅಷ್ಟೇ.

ಊರಲ್ಲಿರೋ ಅಮ್ಮನದೂ ಅದೇ ಸೆಟ್ಟಿಂಗ್. 'ಹೇಗಿದೀಯಾ?' ಅಂದ್ರೆ 'ಆರಾಮ್ ಕಣಪ್ಪ'. ಅದಕ್ಕೇ ನಾನು ಸಾರಾಂಶ ಕೇಳಲ್ಲ, ಒಂದೊಂದೇ ಬಿಟ್ ಕೇಳ್ತೀನಿ: ಮಂಡಿ ಮಡಚೋಕಾಗುತ್ತಾ? ಮೋಟಾರು ರಿಪೇರಿ ಆಯ್ತಾ? ರಾತ್ರಿ ಊಟ ಏನು? ಬಂದ ಉತ್ತರಾನ ತಕ್ಷಣ ಬರೆದಿಟ್ಕೊಳ್ತೀನಿ. ಮತ್ತೆ ಕೇಳಿದ್ರೆ ಅಮ್ಮನೂ ಸೊನ್ನೆ.