ಅಟ್ಟದ ಕಾಯಿ, ಅಂಗಳದ ಮಕ್ಕಳು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ, ಗುಬ್ಬಿ ದಾಟಿದ ಮೇಲೆ ನೋಡುವುದಕ್ಕೆ ಇರುವುದು ಒಂದೇ ವಸ್ತು: ತೆಂಗು. ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ ಎಂದು ನಿಲ್ದಾಣಗಳ ಹೆಸರು ಬದಲಾಗುತ್ತವೆಯೇ ಹೊರತು ನೋಟ ಬದಲಾಗುವುದಿಲ್ಲ. ತಿಪಟೂರು ಬರುವ ವೇಳೆಗೆ ಹೊರಗಿನ ಗಾಳಿಯಲ್ಲಿಯೂ ಕೊಬ್ಬರಿಯ ವಾಸನೆ ಬೆರೆತಿರುತ್ತದೆ. ಇದನ್ನು ಕಲ್ಪತರು ನಾಡು ಎನ್ನುತ್ತಾರೆ. ಬಿರುದು ಇಡೀ ತುಮಕೂರು ಜಿಲ್ಲೆಗೆ ಸಲ್ಲುವಂಥದಾದರೂ, ತಿಪಟೂರಿನವರು ಅದನ್ನು ತಮ್ಮ ಸ್ವಂತ ಆಸ್ತಿಯೆಂದೇ ತಿಳಿದಿದ್ದಾರೆ. ತಿಳಿದುಕೊಳ್ಳಲಿ, ತಪ್ಪೇನೂ ಇಲ್ಲ.

ನಾನು ಅಲ್ಲಿಗೆ ಹೋದದ್ದು 2024ರ ಏಪ್ರಿಲ್ ಕೊನೆಯ ವಾರದಲ್ಲಿ, ಹಳೆಯ ಮಿತ್ರರೊಬ್ಬರ ಆಹ್ವಾನದ ಮೇಲೆ. ತೋಟದ ತಂಪಿನಲ್ಲಿ ನಾಲ್ಕು ದಿನ ಎಳನೀರು ಕುಡಿದುಕೊಂಡು ಬರೋಣವೆಂಬುದಷ್ಟೇ ನನ್ನ ಆಸೆ. ಆದರೆ ಅದು ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾಗಿದ್ದುವು. ಮಿತ್ರರ ತೋಟದಲ್ಲಿ ಗರಿಗಳು ಬಾಡಿ ಕೆಳಕ್ಕೆ ಜೋತುಬಿದ್ದಿದ್ದುವು. ಕೊಳವೆಬಾವಿಯಿಂದ ನೀರು ಗಂಟೆಗೊಮ್ಮೆ ಕೆಮ್ಮಿದಂತೆ ಬಂದು ನಿಲ್ಲುತ್ತಿತ್ತು. ಎಳನೀರು ಕೊಟ್ಟರು ನಿಜ. ಕುಡಿಯುವುದಕ್ಕೆ ನನಗೇ ಸಂಕೋಚವಾಯಿತು.

ಈ ಸೀಮೆಯ ಮನೆಯನ್ನು ನೋಡಬೇಕಾದರೆ ಅಟ್ಟವನ್ನು ಹತ್ತಬೇಕು. ನಮ್ಮ ಪೇಟೆಯ ಮನೆಗಳ ಅಟ್ಟದಲ್ಲಿ ಮುರಿದ ಕುರ್ಚಿಯೂ ಹಳೆಯ ತೊಟ್ಟಿಲೂ ಇರುವಂತೆ ಇಲ್ಲಿಯ ಅಟ್ಟದಲ್ಲಿ ಸಂಸಾರದ ಬಂಡವಾಳವಿರುತ್ತದೆ. ಮರದಿಂದ ಇಳಿಸಿದ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಇಲ್ಲಿ ಒಟ್ಟುತ್ತಾರೆ. ಕರಾವಳಿಯಲ್ಲಿ ಕಾಯನ್ನು ಹೋಳು ಮಾಡಿ ಬಿಸಿಲಿನಲ್ಲಿ ಒಣಗಿಸುತ್ತಾರಷ್ಟೆ. ಅದು ಎಣ್ಣೆಯ ಗಾಣಕ್ಕೆ. ತಿಪಟೂರಿನದು ತಿನ್ನುವ ಕೊಬ್ಬರಿ, ಉಂಡೆ ಕೊಬ್ಬರಿ. ಅದಕ್ಕೆ ಅವಸರ ಒಗ್ಗದು. ಎಂಟು ತಿಂಗಳಿನಿಂದ ವರ್ಷದವರೆಗೆ ಕತ್ತಲೆಯಲ್ಲಿ ಬಿದ್ದಿದ್ದು, ಒಳಗಿನ ನೀರೆಲ್ಲ ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಒಂದು ಉಂಡೆಯಾಗಬೇಕು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಚೀಲಕ್ಕೆ ತುಂಬಿ ಮಾರುಕಟ್ಟೆಗೆ ಒಯ್ಯುವುದು. ಅಲ್ಲಿಂದ ಅದು ಉತ್ತರ ಹಿಂದೂಸ್ಥಾನದ ಹಬ್ಬಗಳಿಗೂ ಮಿಠಾಯಿ ಅಂಗಡಿಗಳಿಗೂ ಹೋಗುತ್ತದೆ.

ನಾನು ಹೋದಾಗ ಮಿತ್ರರ ಅಟ್ಟ ತುಂಬಿಯೇ ಇತ್ತು. 2023ರಲ್ಲಿ ಕೊಬ್ಬರಿಯ ಧಾರಣೆ ಕ್ವಿಂಟಲಿಗೆ 8,000 ರೂಪಾಯಿಯ ಆಸುಪಾಸಿಗೆ ಕುಸಿದಿತ್ತು. 2024ರ ಹಂಗಾಮಿಗೆ ಕೇಂದ್ರ ಸರ್ಕಾರವು 12,000 ರೂಪಾಯಿಯ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಕೆಳಗೇ ಇತ್ತು. “ಕಾಯಿ ಅಂದರೆ ಕಾಯೋದೇ ಅಲ್ಲವೇ ಸ್ವಾಮಿ? ಕಾಯ್ತೀವಿ” ಎಂದು ಮಿತ್ರರು ನಕ್ಕರು. ಅವರು ಕಾಯಬಲ್ಲವರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ.

ಮನೆಯ ಹಿಂದಿನ ಅಂಗಳದಲ್ಲಿ ಮಾತ್ರ, ಯಾರೋ ನೆಂಟರ ಮದುವೆಯ ಖರ್ಚಿಗೆಂದು ಇಳಿಸಿದ ಒಂದಿಷ್ಟು ಕಾಯನ್ನು ಒಡೆಯುತ್ತಿದ್ದರು. ಗಂಡಸರಿಬ್ಬರು ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯನ್ನು ಕುಕ್ಕಿ ಸಿಪ್ಪೆ ಬಿಡಿಸಿ ಎಸೆಯುತ್ತಿದ್ದರು. ಹೆಂಗಸರು ಮಚ್ಚಿನ ಬೆನ್ನಿನಿಂದ ಚಿಪ್ಪನ್ನು ತಟ್ಟಿ ತಟ್ಟಿ ಉಂಡೆಯನ್ನು ಹೊರಕ್ಕೆ ತೆಗೆಯುತ್ತಿದ್ದರು. ನೋಡುವುದಕ್ಕೆ ಸುಲಭ, ಏಟು ಒಂದಿಷ್ಟು ಬಲವಾದರೆ ಕೊಬ್ಬರಿಗೆ ಗಾಯವಾಗುತ್ತದೆ, ಗಾಯವಾದದ್ದಕ್ಕೆ ಬೆಲೆಯಿಲ್ಲ. ನಾನೂ ಒಂದನ್ನು ಒಡೆಯಲು ಹೋಗಿ ಎರಡು ಹೋಳು ಮಾಡಿದೆ. ಯಾರೂ ನಗಲಿಲ್ಲವಾದ್ದರಿಂದ ಇನ್ನಷ್ಟು ನಾಚಿಕೆಯಾಯಿತು.

ಅವರ ನಡುವೆ ಹತ್ತು ವರ್ಷದ ಹುಡುಗನೊಬ್ಬನಿದ್ದ. ಚಿಪ್ಪನ್ನು ಆಯ್ದು ಚೀಲಕ್ಕೆ ತುಂಬುವುದು ಅವನ ಪಾಲಿನ ಕೆಲಸ. ಇದ್ದಿಲು ಮಾಡುವವರು ಚಿಪ್ಪನ್ನು ಕೊಳ್ಳುತ್ತಾರೆ. ಆದರೆ ಅವನ ನಿಜವಾದ ವಿದ್ಯೆ ಬೇರೆ. ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ಒಮ್ಮೆ ಅಲುಗಿಸಿ, “ಇದಾಗಿದೆ, ಇದಾಗಿಲ್ಲ” ಎಂದು ಹೇಳುವನು. ಒಂದೂ ತಪ್ಪಲಿಲ್ಲ. “ಎಷ್ಟನೆಯ ಕ್ಲಾಸಪ್ಪ?” ಎಂದೆ. “ಐದಕ್ಕೆ ಹೋಗ್ಬೇಕು ಸಾರ್” ಎಂದು ತಾಯಿಯ ಮುಖ ನೋಡಿದ.

ಹೋಗಬೇಕು ಎಂಬುದರಲ್ಲಿದ್ದ ಅನುಮಾನ ಏನೆಂಬುದು ಸಂಜೆ ತಿಳಿಯಿತು. ಆಕೆಯ ಗಂಡ ಕಾಯಿ ಕೀಳುವವನು. ಹಿಂದಿನ ವರ್ಷ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮನೆ ಹಿಡಿದಿದ್ದಾನೆ. ತೋಟವಿಲ್ಲ, ಅಟ್ಟವಿಲ್ಲ. ಕೂಲಿ ಸಾವಿರ ಕಾಯಿಗೆ ಇಷ್ಟು ಎಂಬ ಲೆಕ್ಕ. ಧಾರಣೆ ಬಿದ್ದು ದೊಡ್ಡವರು ಅಟ್ಟಕ್ಕೆ ಬೀಗ ಹಾಕಿ ಕಾದು ಕುಳಿತರೆ, ಒಡೆಯುವ ಕೈಗಳಿಗೆ ಆ ತಿಂಗಳು ಕೆಲಸವೇ ಇಲ್ಲ. ನನ್ನ ಮಿತ್ರರು ದಯವಂತರು; ಅವರು ಕಾದದ್ದು ತಪ್ಪೆಂದು ಯಾರು ಹೇಳಬಲ್ಲರು? ಆದರೂ ಅವರ ಆ ಒಂದು ವರ್ಷದ ತಾಳ್ಮೆಯ ಬೆಲೆಯಲ್ಲಿ ಒಂದು ಭಾಗವನ್ನು ಈ ಹುಡುಗ ತೆರುತ್ತಿದ್ದಾನೆ ಎಂಬ ಯೋಚನೆ ರಾತ್ರಿಯೆಲ್ಲ ನನ್ನನ್ನು ಬಿಡಲಿಲ್ಲ.

ಈ ನಾಡಿಗೆ ಹಸಿವು ಹೊಸದಲ್ಲ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವನ್ನು, ಎಂದರೆ 1876ರಿಂದ 78ರವರೆಗಿನ ಬರವನ್ನು, ಹಳೆಯ ಮೈಸೂರಿನ ಹಳ್ಳಿಗಳು ‘ದಾತು ಬರ’ವೆಂದು ಬಹುಕಾಲ ನೆನೆದುಕೊಂಡವು. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50,55,412. ಹತ್ತು ವರ್ಷದ ತರುವಾಯ 1881ರಲ್ಲಿ 41,86,188. ನಡುವೆ ಹುಟ್ಟಿದವರನ್ನೂ ಲೆಕ್ಕಕ್ಕೆ ಹಿಡಿದರೆ ಹೋದವರ ಸಂಖ್ಯೆ ಇನ್ನೂ ದೊಡ್ಡದು. ತಂದೆತಾಯಿ ಸತ್ತು ದಾರಿಯಲ್ಲಿ ಸಿಕ್ಕ ಮಕ್ಕಳಿಗಾಗಿ ಅಂದು ಕ್ರೈಸ್ತ ಮಿಷನ್ನುಗಳು ಅನಾಥಾಲಯಗಳನ್ನು ತೆರೆದುವು. ಸರ್ಕಾರ ಗಂಜಿಕೇಂದ್ರಗಳನ್ನು ನಡೆಸಿತು. ಧಾನ್ಯವನ್ನು ಸಾಗಿಸಲು ಹಾದಿಯಿಲ್ಲದೆ ಜನ ಸತ್ತರೆಂಬ ಅರಿವೇ ಮುಂದೆ ಮೈಸೂರಿನ ರೈಲುಹಾದಿಗಳಿಗೆ ಒಂದು ಕಾರಣವಾಯಿತು. ನಾನು ಕಿಟಕಿಯ ಪಕ್ಕ ಸುಖವಾಗಿ ಕುಳಿತು ಬಂದ ಹಾದಿಯನ್ನೂ ಹಾಕಿದ್ದು ಆ ಕ್ಷಾಮದ ಮುಂದಿನ ದಶಕದಲ್ಲಿಯೇ.

ಮರುದಿನ ಮಿತ್ರರ ಬಂಧುಗಳಾದ ಉಪಾಧ್ಯಾಯರೊಬ್ಬರೊಡನೆ ತುರುವೇಕೆರೆಗೆ ಹೋದೆ. ಊರಿನಲ್ಲಿ ಹೊಯ್ಸಳರ ಕಾಲದ ಗುಡಿಗಳಿವೆ. ಮೂಲೆ ಶಂಕರೇಶ್ವರನನ್ನು ಅವಸರದಲ್ಲಿಯೇ ನೋಡಿದೆ. ಶಿಲ್ಪದ ವರ್ಣನೆಯನ್ನು ಬಲ್ಲವರು ಬರೆಯಲಿ. ನನಗೆ ನೋಡಬೇಕಾಗಿದ್ದದ್ದು ಅಲ್ಲಿಂದ ಮುಂದಿನ ಒಂದು ಹಳ್ಳಿಯ ಸರ್ಕಾರಿ ಶಾಲೆ. ಬೇಸಿಗೆ ರಜದಲ್ಲಿ ಶಾಲೆಯಲ್ಲಿ ನೋಡುವುದೇನಿದೆ ಎಂದು ವಾಚಕರು ಕೇಳಬಹುದು. ಊಟವಿತ್ತು. ಬರಪೀಡಿತ ತಾಲ್ಲೂಕುಗಳಲ್ಲಿ ರಜದ ದಿನಗಳಲ್ಲಿಯೂ ಮಕ್ಕಳಿಗೆ ಬಿಸಿಯೂಟ ನೀಡಬೇಕೆಂದು ಆ ವರ್ಷ ರಾಜ್ಯ ಸರ್ಕಾರ ಏರ್ಪಾಡು ಮಾಡಿತ್ತು.

ಪಾಠವಿಲ್ಲ, ಗಂಟೆಯಿಲ್ಲ. ಅಡುಗೆಮನೆಯಿಂದ ಹೊಗೆ ಮಾತ್ರ ಬರುತ್ತಿತ್ತು. ಬಂದಿದ್ದ ಮಕ್ಕಳು ಹತ್ತೋ ಹನ್ನೆರಡೋ. ಮಿಕ್ಕವರೆಲ್ಲಿ ಎಂದು ಕೇಳಿದ್ದಕ್ಕೆ ಉಪಾಧ್ಯಾಯರು, ರಜಕ್ಕೆ ಅಜ್ಜಿಯ ಊರಿಗೆ ಹೋಗಿದ್ದಾರೆ ಎಂದರು. ಕಂಬಕ್ಕೊರಗಿ ತಟ್ಟೆ ಹಿಡಿದು ಕುಳಿತಿದ್ದವರು, ಹೋಗುವುದಕ್ಕೆ ಅಜ್ಜಿಯ ಊರು ಇಲ್ಲದವರು. ಅನ್ನ, ಬೇಳೆ ಹೆಚ್ಚಾಗಿಯೇ ಇದ್ದ ಸಾರು. ಬಡಿಸುತ್ತಿದ್ದ ಅಡುಗೆಯ ಅಕ್ಕ ಸೌಟನ್ನು ತಳಕ್ಕೆ ಮುಟ್ಟಿಸಿ, ಕಲಕಿ, ಮೇಲಕ್ಕೆತ್ತಿ ಬಡಿಸುತ್ತಿದ್ದಳು. ಕೊನೆಯವನಿಗೂ ಬೇಳೆ ಬರಬೇಕಲ್ಲವೇ ಎಂದು ಕೇಳದೆಯೇ ಹೇಳಿದಳು. ಒಬ್ಬ ಹುಡುಗಿ ಅನ್ನದಲ್ಲಿ ಅರ್ಧವನ್ನು ಡಬ್ಬಿಗೆ ಹಾಕಿಕೊಂಡಳು. ಮನೆಯಲ್ಲಿ ಇನ್ನೂ ಶಾಲೆಯ ವಯಸ್ಸಾಗದ ತಮ್ಮನಿದ್ದಾನಂತೆ. ಒಯ್ಯಬಾರದೆಂಬುದು ನಿಯಮವಿರಬಹುದು. ಉಪಾಧ್ಯಾಯರು ಆಗ ಮರದ ಮೇಲಿನ ಗಿಳಿಗಳನ್ನು ನನಗೆ ತೋರಿಸುತ್ತಿದ್ದರು.

ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿದ್ದು 2001ರ ನವೆಂಬರಿನಲ್ಲಿ. ಕರ್ನಾಟಕದಲ್ಲಿ ಅದು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಕಡೆಗೂ ಹಬ್ಬಿತು. 2013ರಿಂದ ಹಾಲು ಸೇರಿತು, ಆಮೇಲೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟವರು ಯಾರೋ, ಶರಣರ ಮಾತನ್ನು ಸರಿಯಾದ ಜಾಗದಲ್ಲಿಯೇ ಇಟ್ಟರು. ಆದರೆ ಅಡುಗೆಯ ಆ ಹೆಂಗಸರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದನ್ನು ಹೆಚ್ಚಿಸಿರೆಂದು ಅವರು ಹಲವು ಬಾರಿ ಬೆಂಗಳೂರಿಗೆ ಬಂದು ಧರಣಿ ಕುಳಿತದ್ದನ್ನು ನಾವೆಲ್ಲ ವಾಹನಗಳ ದಟ್ಟಣೆಯ ಸುದ್ದಿಯಾಗಿ ಓದಿದ್ದೇವೆ.

ಚಿಕ್ಕನಾಯಕನಹಳ್ಳಿಯ ಕಡೆ ನೆಲ ಇನ್ನೂ ಒಣದು. ತೋಟದ ಹಸುರಿನ ಆಚೆ ಕೆಂಪು ಗುಡ್ಡಗಳು ಕಾಣುತ್ತವೆ. ಅಲ್ಲಿ ಅದಿರನ್ನು ತೆಗೆಯುತ್ತಿದ್ದ ದಿನಗಳಲ್ಲಿ ಲಾರಿಗಳ ಕೆಂಧೂಳು ಗರಿಗಳ ಮೇಲೆಯೂ ಕುಳಿತಿರುತ್ತಿತ್ತು. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಧೂಳೂ ನಿಂತಿತು, ಅದನ್ನೇ ನಂಬಿದ್ದವರ ಕೂಲಿಯೂ ನಿಂತಿತು. ಇಲ್ಲಿ ನನ್ನೊಡನೆ ಮಾತನಾಡಿದ ನಿವೃತ್ತ ಶಿಕ್ಷಕರೊಬ್ಬರು ಗಣಿಯ ಮಾತನ್ನು ಬೇಗ ಮುಗಿಸಿ ಕೊರೋನಾದ ಕಾಲಕ್ಕೆ ಬಂದರು. 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆ, ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಹತ್ತೊಂಬತ್ತು ತಿಂಗಳು. ಬಿಸಿಯೂಟದ ಬದಲು ಅಕ್ಕಿಬೇಳೆಯನ್ನು ಮನೆಗೆ ಕೊಟ್ಟರು. ಅಕ್ಕಿ ಬಂತು, ಆದರೆ ಮಕ್ಕಳು ಕುರಿಯ ಹಿಂದೆ ಹೋದರು, ಕಾಯಿಯ ಅಂಗಳಕ್ಕೆ ಹೋದರು ಎಂದರು ಅವರು. ಶಾಲೆ ತೆರೆದಾಗ ಮನೆಮನೆಗೆ ಹೋಗಿ ಕರೆತಂದರಂತೆ. ಕೆಲವರು ಓದುವುದನ್ನು ಮರೆತಿದ್ದರು. ಇಬ್ಬರು ಬರಲೇ ಇಲ್ಲ. ಆ ಇಬ್ಬರ ಹೆಸರನ್ನು ಅವರು ಇನ್ನೂ ಮರೆತಿಲ್ಲ.

ತಿಪಟೂರಿಗೆ ಹಿಂದಿರುಗಿದ ಸಂಜೆ ಅಂಗಳದ ಆ ತಾಯಿ ಒಂದು ಅರ್ಜಿಯನ್ನು ಮಡಿಸಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಸಿದ್ಧಗಂಗೆಯ ಮಠದ ಶಾಲೆಗೆ ಮಗನನ್ನು ಸೇರಿಸುವ ಅರ್ಜಿ. ಬರೆದುಕೊಡುತ್ತೀರಾ ಎಂದು ಕೇಳಿದಳು. ತಂದೆಯ ಹೆಸರು, ಊರು ಎಲ್ಲವೂ ಸರಾಗವಾಗಿ ಸಾಗಿ ಕಸುಬಿನ ಅಂಕಣಕ್ಕೆ ಬಂದಾಗ ನನ್ನ ಲೇಖನಿ ನಿಂತಿತು. ‘ಕೂಲಿ’ ಎಂದು ಬರೆಯಲೇ ಎಂದೆ. ಆಕೆ ಸ್ವಲ್ಪ ಯೋಚಿಸಿ, “ಕಾಯಿ ಕೀಳೋದು ಅಂತ ಬರೀರಿ ಸಾಮಿ. ಅದೇ ಅವರ ಕಸುಬು” ಎಂದಳು. ಹುಡುಗ ಬಾಗಿಲ ಹಿಂದೆ ನಿಂತಿದ್ದ. ಅವನಿಗೆ ಹೋಗಲು ಮನಸ್ಸಿರಲಿಲ್ಲವೆಂಬುದು ಅವನ ಮುಖದಲ್ಲಿಯೇ ಬರೆದಿತ್ತು. ಮಗನನ್ನು ಅಗಲುವುದು ಒಳ್ಳೆಯದೇ ಎಂದು ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಆಕೆ ಕೇಳಲಿಲ್ಲ.

ಹಿಂದಿರುಗುವಾಗ ತುಮಕೂರಿನಲ್ಲಿಳಿದು ಕ್ಯಾತ್ಸಂದ್ರದ ಹತ್ತಿರದ ಆ ಬೆಟ್ಟದ ಬುಡಕ್ಕೆ ಹೋದೆ. ಶ್ರೀ ಶಿವಕುಮಾರ ಸ್ವಾಮಿಗಳು 1930ರಲ್ಲಿ ಅಲ್ಲಿ ಸನ್ಯಾಸ ಸ್ವೀಕರಿಸಿ, 1941ರಲ್ಲಿ ಮಠದ ಹೊಣೆ ಹೊತ್ತಾಗ ಅದು ಸಿರಿವಂತ ಮಠವಾಗಿರಲಿಲ್ಲ. ಹಳ್ಳಿಹಳ್ಳಿ ತಿರುಗಿ, ರೈತರು ಕೊಟ್ಟ ರಾಗಿ, ಕಾಯಿ, ಬೆಲ್ಲದಿಂದ ಮಕ್ಕಳಿಗೆ ಅನ್ನ ಹಾಕಿದರು. ಜಾತಿಮತವೆನ್ನದೆ ಸುಮಾರು ಹತ್ತು ಸಾವಿರ ಮಕ್ಕಳು ಒಂದೇ ಕಡೆ ಉಣ್ಣುವ, ಓದುವ ನೆಲೆಯಾಗಿ ಅದು ಬೆಳೆಯಿತು. 2019ರ ಜನವರಿ 21ರಂದು ಬೆಳಿಗ್ಗೆ ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿಯನ್ನು ಹೊರಗೆ ತಿಳಿಸಿದರೆಂದು ಪತ್ರಿಕೆಗಳಲ್ಲಿ ಬಂದಿತ್ತು. ನಾನು ಹೋದದ್ದು ರಜದ ಕಾಲ. ಅಂಗಳ ಬರಿದಾಗಿತ್ತು. ಅಡುಗೆಮನೆಯ ಹೊರಗೆ ಇಬ್ಬರು ಆಳುಗಳು ಗಾಡಿಯಿಂದ ಕಾಯಿಯ ಚೀಲಗಳನ್ನು ಇಳಿಸುತ್ತಿದ್ದರು. ಯಾವ ಊರಿನವೆಂದು ಕೇಳಿದೆ. ತುರುವೇಕೆರೆ ಕಡೆಯವು ಎಂದರು.

ಇಷ್ಟಾಗಿ ಒಂದು ವರ್ಷ ಕಳೆಯಿತು. 2025ರ ನಡುವೆ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲಿಗೆ 20,000 ರೂಪಾಯಿ ದಾಟಿದಾಗ ಮಿತ್ರರು ದೂರವಾಣಿಯಲ್ಲಿ ಮಾತನಾಡಿದರು. ಅಟ್ಟ ಖಾಲಿಯಾಯಿತೆಂದರು, ಧ್ವನಿಯಲ್ಲಿ ಸಂತೋಷವಿತ್ತು. ನಾನು ಹುಡುಗನ ವಿಷಯ ಕೇಳಿದೆ. ಮಠದಲ್ಲಿದ್ದಾನೆ, ಮೊದಲ ತಿಂಗಳು ಒಮ್ಮೆ ಓಡಿಬಂದಿದ್ದ, ತಾಯಿಯೇ ಮತ್ತೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟುಬಂದಳು ಎಂದರು. ಶಿವರಾತ್ರಿಯ ಜಾತ್ರೆಗೆ ಹೋಗಿ ಮಗನನ್ನು ನೋಡಿಕೊಂಡು ಬಂದಳಂತೆ. ಹೋಗುವ ಮುನ್ನ ಮಿತ್ರರ ಮನೆಗೆ ಬಂದು, ಮಠಕ್ಕೆ ಕೊಡಬೇಕು, ನಾಲ್ಕು ಕಾಯಿ ಕೊಡಿ, ಕೂಲಿಯಲ್ಲಿ ಹಿಡಿದುಕೊಳ್ಳಿ ಎಂದಳಂತೆ.

“ಹಿಡಿದುಕೊಂಡಿರಾ?” ಎಂದು ಕೇಳಿದೆ.

“ಬೇಡವೆಂದರೆ ಕಾಯೇ ಬೇಡ ಅಂದಳು, ಸ್ವಾಮಿ. ಹಿಡಿದುಕೊಂಡೆ” ಎಂದರು ಮಿತ್ರರು.